ಏಳು ವಾರಗಳ ಸಹನೆ

ಬಾಯಿ ಮತ್ತು ಗಂಟಲಿನ ಅರ್ಬುದ ರೋಗದ ಚಿಕಿತ್ಸೆಯಿಂದ ಉಂಟಾಗುವ ಬಾಧೆಗಳನ್ನೂ ಅವುಗಳ ಉಪಶಮನವನ್ನೂ ಕುರಿತು ಧರ್ಮಕೇಂದ್ರದ ಕುಟುಂಬಗಳಿಗೆ ನೀಡಿದ ಉಪನ್ಯಾಸ



ಶತಮಾನೋತ್ಸವದ ಈ ಸಂಭ್ರಮದ ದಿನಗಳಲ್ಲಿ ರೋಗದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಆದರೆ ಹಬ್ಬದೂಟದ ಪಂಕ್ತಿಯಲ್ಲಿ ಕುಳಿತಿರಬೇಕಾದವರೊಬ್ಬರು ಒಂದು ತುತ್ತನ್ನೂ ನುಂಗಲಾರದೆ ಮನೆಯ ಮೂಲೆಯಲ್ಲಿ ಉಳಿದಿದ್ದರೆ, ಅವರನ್ನು ನೆನೆಯದ ಹಬ್ಬ ಪೂರ್ಣವಾಗದು. ಬಾಯಿ, ನಾಲಗೆ, ದವಡೆ, ಗಂಟಲುಗಳಿಗೆ ತಗಲುವ ಅರ್ಬುದ ರೋಗದ, ಎಂದರೆ ಕ್ಯಾನ್ಸರಿನ, ಚಿಕಿತ್ಸೆಯನ್ನು ಪಡೆಯುತ್ತಿರುವವರು ಇಂದು ಯಾವ ಊರಿಗೆ ಹೋದರೂ ಕಾಣಸಿಗುತ್ತಾರೆ. ಜಾಗತಿಕ ಅಂದಾಜಿನಂತೆ 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ತುಟಿ ಹಾಗೂ ಬಾಯಿಯ ಕ್ಯಾನ್ಸರ್ ಹೊಸದಾಗಿ ಪತ್ತೆಯಾದವರ ಸಂಖ್ಯೆ 1 ಲಕ್ಷ 40 ಸಾವಿರವನ್ನು ಮೀರಿತ್ತು.

ಈ ರೋಗ ಏಕೆ ಬರುತ್ತದೆಂಬುದು ನಮಗೆಲ್ಲ ತಿಳಿದ ಸಂಗತಿಯೇ. ತಿಳವಳ್ಳಿ, ಹಾನಗಲ್ಲು, ಹಿರೇಕೆರೂರು ಸೀಮೆಯಲ್ಲಿ ಎಲೆ ಅಡಿಕೆಯ ತಟ್ಟೆ ಅತಿಥಿಗೆ ಕೊಡುವ ಮೊದಲ ಮರ್ಯಾದೆ. ಆ ಮರ್ಯಾದೆಯ ಹಿಂದೆಯೇ ತಂಬಾಕು ಬಂತು, ಬೀಡಿ ಬಂತು, ಗುಟ್ಕಾ ಬಂತು. ನಮ್ಮ ರಾಜ್ಯ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿತಾದರೂ, ಅಡಿಕೆಯದೊಂದು ಪೊಟ್ಟಣ, ತಂಬಾಕಿನದೊಂದು ಪೊಟ್ಟಣ ಎಂದು ಅದು ಜೋಡಿಯಾಗಿ ಮತ್ತೆ ಅಂಗಡಿಯ ಬಾಗಿಲಿನಲ್ಲಿ ತೂಗಾಡತೊಡಗಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಹೇಳಿದೆ. ಅಡಿಕೆ ತೋಟವನ್ನೇ ನಂಬಿ ಬಾಳುವ ಕುಟುಂಬಗಳು ಈ ಸೀಮೆಯಲ್ಲಿವೆ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಈಗಾಗಲೇ ರೋಗಕ್ಕೆ ಗುರಿಯಾಗಿ, ಚಿಕಿತ್ಸೆಯ ದಾರಿಯಲ್ಲಿರುವವರ ವಿಚಾರವಾಗಿ ನಾಲ್ಕು ಮಾತು ಹೇಳಬೇಕಾಗಿದೆ.

ನಾವು ವೈದ್ಯರಲ್ಲ. ಗುರುಮಠದಲ್ಲಿ ನಾವು ಕಲಿತದ್ದು ದೈವಶಾಸ್ತ್ರವೇ ಹೊರತು ವೈದ್ಯಶಾಸ್ತ್ರವಲ್ಲ. ಆದರೆ ರೋಗಿಗಳ ಹಾಸಿಗೆಯ ಬಳಿ ಅನೇಕ ವರ್ಷ ಕುಳಿತುದರಿಂದಲೂ, ವೈದ್ಯರು ಹಾಗೂ ದಾದಿಯರು ಹೇಳಿದ್ದನ್ನು ಕೇಳಿಕೊಂಡುದರಿಂದಲೂ ನಮಗೆ ಒಂದು ವಿಷಯ ಸ್ಪಷ್ಟವಾಗಿದೆ. ಕ್ಯಾನ್ಸರಿನ ಹೆಸರನ್ನು ಕೇಳಿ ಎದೆಗುಂದದ ಎಷ್ಟೋ ಮಂದಿ, ಅದರ ಚಿಕಿತ್ಸೆಯ ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ ಎದೆಗುಂದುತ್ತಾರೆ. ಬಾಯಿ ತುಂಬ ಹುಣ್ಣು, ನೀರು ಕುಡಿದರೂ ಉರಿ, ಮಾತು ಹೊರಡದು. “ಆಸ್ಪತ್ರೆಗೆ ಹೋದ ಮೇಲೆಯೇ ರೋಗ ಹೆಚ್ಚಿತು” ಎಂದು ಮನೆಯವರು ಭಾವಿಸಿ ರೋಗಿಯನ್ನು ಊರಿಗೆ ಕರೆತಂದುಬಿಡುತ್ತಾರೆ. ಗುಣವಾಗಬಹುದಾಗಿದ್ದ ರೋಗ ಆ ಬಸ್ಸಿನ ಪ್ರಯಾಣದಲ್ಲಿ ಕೈಮೀರಿ ಹೋಗುವ ಸಂಭವವಿದೆ. ಆದುದರಿಂದ ನಾವು ಇಂದು ಹೇಳಲು ಬಯಸುವುದು ಇಷ್ಟೇ: ಚಿಕಿತ್ಸೆಯ ಬಾಧೆ ರೋಗ ಉಲ್ಬಣಿಸಿದ ಲಕ್ಷಣವಲ್ಲ. ಅದಕ್ಕೊಂದು ಆರಂಭವಿದೆ, ಏರಿಕೆಯಿದೆ, ಇಳಿತವಿದೆ. ಅದನ್ನು ಮೊದಲೇ ತಿಳಿದ ಮನೆಯವರು ರೋಗಿಯನ್ನು ಅರ್ಧ ದಾರಿಯಿಂದ ಹಿಂದಕ್ಕೆ ಕರೆತರುವುದಿಲ್ಲ.

ಈ ಚಿಕಿತ್ಸೆಯಲ್ಲಿ ಮೂರು ವಿಧಗಳುಂಟು: ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಔಷಧಿಗಳ ಮೂಲಕ ಮಾಡುವ ಕಿಮೊಥೆರಪಿ. ನಮ್ಮ ಜನ ‘ಕರೆಂಟು ಕೊಡುವುದು’ ಎಂದು ಕರೆಯುವುದು ವಿಕಿರಣ ಚಿಕಿತ್ಸೆಯನ್ನೇ. ಅದು ವಿದ್ಯುತ್ತಲ್ಲ, ಕಣ್ಣಿಗೆ ಕಾಣದ ಪ್ರಬಲ ಕಿರಣ. ಕೊಡುವಾಗ ನೋವಿರುವುದಿಲ್ಲ. ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ 30ರಿಂದ 35 ದಿನ, ಎಂದರೆ ಆರರಿಂದ ಏಳು ವಾರ, ಅದನ್ನು ಕೊಡುತ್ತಾರೆ. ವೇಗವಾಗಿ ಬೆಳೆಯುವ ಜೀವಕಣಗಳನ್ನು ಆ ಕಿರಣ ಹೆಚ್ಚಾಗಿ ಕೊಲ್ಲುತ್ತದೆ. ಕ್ಯಾನ್ಸರಿನ ಕಣಗಳು ವೇಗವಾಗಿ ಬೆಳೆಯುವಂಥವು. ಆದರೆ ಬಾಯಿಯ ಒಳಪೊರೆಯ ಕಣಗಳೂ ಹಾಗೆಯೇ ಬೇಗ ಬೇಗ ಹುಟ್ಟಿ ಸವೆಯುವಂಥವು. ಕಳೆ ಕೀಳುವಾಗ ಪೈರಿನ ಬೇರೂ ಅಲುಗುವಂತೆ, ರೋಗದ ಜೊತೆಗೆ ಬಾಯಿಯ ಮೃದುವಾದ ಪೊರೆಯೂ ನೋಯುತ್ತದೆ. ಅಲುಗಿದ ಪೈರು ಮತ್ತೆ ಬೇರು ಹಿಡಿಯುತ್ತದೆ; ಕಿತ್ತ ಕಳೆ ಒಣಗುತ್ತದೆ.

ಈ ಏಳು ವಾರಗಳ ಲೆಕ್ಕವನ್ನು ಮನೆಯವರು ಬಾಯಿಪಾಠವಾಗಿ ತಿಳಿದಿರಬೇಕು. ಮೊದಲ ವಾರ ವಿಶೇಷವೇನೂ ತೋರದು. ಎರಡನೆಯ ವಾರದ ಕೊನೆಯಲ್ಲಿ ಬಾಯಿ ಕೆಂಪಾಗಿ ರುಚಿ ಕೆಡುತ್ತದೆ. ಮೂರು, ನಾಲ್ಕನೆಯ ವಾರಗಳಲ್ಲಿ ಹುಣ್ಣುಗಳೇಳುತ್ತವೆ, ಜೊಲ್ಲು ಅಂಟಾಗುತ್ತದೆ, ಕತ್ತಿನ ಚರ್ಮ ಬಿಸಿಲಿಗೆ ಸುಟ್ಟಂತೆ ಕಪ್ಪಾಗುತ್ತದೆ. ಕೊನೆಯ ವಾರಗಳಲ್ಲಿಯೂ, ಚಿಕಿತ್ಸೆ ಮುಗಿದ ಮರುವಾರದಲ್ಲಿಯೂ ಬಾಧೆ ತುತ್ತತುದಿಯಲ್ಲಿರುತ್ತದೆ. “ಕರೆಂಟು ನಿಲ್ಲಿಸಿದ ಮೇಲೂ ಏಕೆ ನೋವು?” ಎಂದು ಆಗ ಗಾಬರಿಯಾಗಬಾರದು. ಅಲ್ಲಿಂದ ಮುಂದೆ ನಾಲ್ಕರಿಂದ ಆರು ವಾರಗಳಲ್ಲಿ ಹುಣ್ಣುಗಳು ಬಹುಮಟ್ಟಿಗೆ ಮಾಯುತ್ತವೆ. ನಡುವೆ ಚಿಕಿತ್ಸೆ ತಪ್ಪಿಸಿದರೆ, ಉಳಿದ ರೋಗದ ಕಣಗಳು ಆ ಬಿಡುವಿನಲ್ಲಿ ಮತ್ತೆ ವೃದ್ಧಿಯಾಗುತ್ತವೆ. ಒಂದೊಂದು ದಿನ ತಡವಾದಂತೆಲ್ಲ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇಕಡಾ 1ರಷ್ಟು ಕುಗ್ಗುತ್ತದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಬಿತ್ತನೆಯಿರಲಿ, ಸುಗ್ಗಿಯಿರಲಿ, ಮದುವೆಯಿರಲಿ, ಆ ಏಳು ವಾರ ಬೇರೆ ಯಾವ ಕಾರ್ಯವೂ ಇದಕ್ಕಿಂತ ದೊಡ್ಡದಲ್ಲ.

ತಿಳವಳ್ಳಿಯಿಂದ ದಿನವೂ ಹುಬ್ಬಳ್ಳಿಗೆ ಹೋಗಿ ಬರುವುದು ಆರೋಗ್ಯವಂತನಿಗೂ ಆಯಾಸವೇ. ಆದ್ದರಿಂದ ಆಸ್ಪತ್ರೆಯ ಊರಿನಲ್ಲಿಯೇ ತಂಗುವ ಏರ್ಪಾಟನ್ನು ಮೊದಲೇ ಮಾಡಿಕೊಳ್ಳುವುದು ಲೇಸು. ಹುಬ್ಬಳ್ಳಿಯ ನವನಗರದಲ್ಲಿ ಡಾ. ಆರ್. ಬಿ. ಪಾಟೀಲರು ಕಟ್ಟಿ ಬೆಳೆಸಿದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಯಿದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಿದೆ. ಬಡತನದ ರೇಖೆಗಿಂತ ಕೆಳಗಿನ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಹೊಲ ಅಡವಿಡುವ ಮೊದಲು ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ಹಿಡಿದು ಆಸ್ಪತ್ರೆಯ ವಿಚಾರಣಾ ಕೊಠಡಿಗೆ ಹೋಗಿರಿ. ಕ್ಯಾನ್ಸರ್ ರೋಗಿಗೂ ಅವರ ಜೊತೆಗಾರರಿಗೂ ರೈಲು ಪ್ರಯಾಣದಲ್ಲಿ ರಿಯಾಯಿತಿಯಿದೆ. ಅದಕ್ಕೆ ಬೇಕಾದ ಪತ್ರವನ್ನು ವೈದ್ಯರಿಂದ ಕೇಳಿ ಪಡೆಯಿರಿ.

ವಿಕಿರಣ ಚಿಕಿತ್ಸೆ ಆರಂಭವಾಗುವ ಮೊದಲೇ ಮಾಡಬೇಕಾದ ಎರಡು ಕೆಲಸಗಳಿವೆ. ಮೊದಲನೆಯದು ದಂತವೈದ್ಯರ ತಪಾಸಣೆ. ಕೆಟ್ಟ ಹಲ್ಲುಗಳನ್ನು ಕೀಳಬೇಕಾಗಿದ್ದರೆ ಎರಡು ವಾರ ಮುಂಚಿತವಾಗಿ ಕೀಳಿಸಿ, ಗಾಯ ಮಾಯಲು ಬಿಡಬೇಕು. ಏಕೆಂದರೆ ಕಿರಣ ಬಿದ್ದ ದವಡೆಯ ಮೂಳೆಗೆ ರಕ್ತದ ಹರಿವು ಕಡಿಮೆಯಾಗುತ್ತದೆ. ಆ ಬಳಿಕ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸತ್ತುಹೋಗುವ ಅಪಾಯವುಂಟು. ಈ ಅಪಾಯ ಒಂದೆರಡು ವರ್ಷಗಳದಲ್ಲ, ಜೀವಮಾನದ್ದು. ಹತ್ತು ವರ್ಷ ಕಳೆದಿದ್ದರೂ ಹಲ್ಲು ಕೀಳುವವರಿಗೆ “ನನ್ನ ದವಡೆಗೆ ಕರೆಂಟು ಕೊಟ್ಟಿದ್ದಾರೆ” ಎಂದು ಮೊದಲೇ ಹೇಳತಕ್ಕದ್ದು. ಎರಡನೆಯದು ಎಲೆ, ಅಡಿಕೆ, ತಂಬಾಕು, ಬೀಡಿ, ಮದ್ಯಗಳನ್ನು ಪೂರ್ತಿಯಾಗಿ ಬಿಡುವುದು. ಅವನ್ನು ಮುಂದುವರಿಸಿದವರಿಗೆ ಹುಣ್ಣಿನ ಬಾಧೆ ಹೆಚ್ಚು, ಚಿಕಿತ್ಸೆಯ ಫಲ ಕಡಿಮೆ, ಎರಡನೆಯ ಕ್ಯಾನ್ಸರಿನ ಭಯ ಬೇರೆ. ಅಪ್ಪ ಬಿಡಬೇಕೆಂದು ಹೇಳುವ ಮಗ ತಾನೇ ಜೇಬಿನಲ್ಲಿ ಪೊಟ್ಟಣ ಇಟ್ಟುಕೊಂಡಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಬಿಡುವುದಾದರೆ ಮನೆಯೇ ಬಿಡಬೇಕು.

ಇನ್ನು ಹುಣ್ಣಿನ ವಿಚಾರ. ಇದಕ್ಕೆ ಅತ್ಯಂತ ಸರಳವಾದ, ಅತ್ಯಂತ ಅವಶ್ಯವಾದ ಉಪಚಾರ ಬಾಯಿ ಮುಕ್ಕಳಿಸುವುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ ಹಾಕಿ ಕಲಕಿ ಇಟ್ಟುಕೊಳ್ಳಿರಿ. ಎಚ್ಚರವಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ, ಊಟವಾದ ಮೇಲೆ, ಮಲಗುವ ಮುನ್ನ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ನೀರನ್ನು ದಿನವೂ ಹೊಸದಾಗಿ ಮಾಡಬೇಕು. ಅಂಗಡಿಯಲ್ಲಿ ಸಿಗುವ, ಮದ್ಯಸಾರ ಬೆರೆತ ಬಣ್ಣದ ದ್ರವಗಳು ಬೇಡ. ಅವು ಉರಿಯನ್ನು ಹೆಚ್ಚಿಸುತ್ತವೆ. ಹಲ್ಲುಜ್ಜಲು ಮಕ್ಕಳ ಮೆತ್ತನೆಯ ಬ್ರಷ್ಷು ಸಾಕು. ಇದ್ದಿಲ ಪುಡಿ, ಬೇವಿನ ಕಡ್ಡಿಗಳನ್ನು ಆ ದಿನಗಳಲ್ಲಿ ದೂರವಿಡಿ. ಬಾಯಲ್ಲಿ ಮೊಸರು ಮೆತ್ತಿದಂತೆ ಬಿಳಿಯ ಪದರ ಕಂಡರೆ ಅದು ಬೂಷ್ಟಿನ ಸೋಂಕು. ವೈದ್ಯರು ಅದಕ್ಕೆ ಬೇರೆ ಔಷಧ ಕೊಡುತ್ತಾರೆ.

ನೋವನ್ನು ಸಹಿಸುವುದೇ ಪುಣ್ಯವೆಂದು ಭಾವಿಸಿ ಮಾತ್ರೆಯನ್ನು ತಲೆದಿಂಬಿನ ಕೆಳಗಿಡುವವರುಂಟು. ಕ್ರಿಸ್ತರ ಶಿಲುಬೆಯೊಡನೆ ನಮ್ಮ ನೋವನ್ನು ಸೇರಿಸಿ ಅರ್ಪಿಸಬಹುದೆಂದು ಧರ್ಮಸಭೆ ಬೋಧಿಸುವುದು ನಿಜ. ಆದರೆ ನಿವಾರಿಸಬಹುದಾದ ನೋವನ್ನು ನಿವಾರಿಸಬೇಡವೆಂದು ಅದು ಎಂದೂ ಬೋಧಿಸಿಲ್ಲ. ನೋವಿದ್ದವರು ಉಣ್ಣಲಾರರು, ಉಣ್ಣದವರು ಚಿಕಿತ್ಸೆಯನ್ನು ತಾಳಲಾರರು. ವೈದ್ಯರು ಮಾರ್ಫಿನ್ ಬರೆದುಕೊಟ್ಟರೆ, ಅದು ಸಾವಿನ ಔಷಧವೆಂದಾಗಲಿ ಚಟ ಹಿಡಿಸುವ ಮದ್ದೆಂದಾಗಲಿ ಹೆದರಬೇಕಿಲ್ಲ. ಅವರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ತೆಗೆದುಕೊಂಡರೆ ಅದು ನೆಮ್ಮದಿ ಕೊಡುತ್ತದೆ. ಇಂಥ ಔಷಧ ರೋಗಿಗಳಿಗೆ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ನಮ್ಮ ದೇಶದ ಮಾದಕವಸ್ತು ಕಾಯಿದೆಯನ್ನು ತಿದ್ದಲಾಯಿತು. ಅದರಿಂದ ಮಲಬದ್ಧತೆಯಾಗುತ್ತದೆ, ಅದಕ್ಕೂ ಮದ್ದು ಕೇಳಿ ಪಡೆಯಿರಿ. ಊಟಕ್ಕೆ ಅರ್ಧ ಗಂಟೆ ಮೊದಲು ನೋವಿನ ಔಷಧ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ವಿಚಾರಿಸಿರಿ. ಹಾಗೆ ಮಾಡಿ ನಾಲ್ಕು ತುತ್ತು ಹೆಚ್ಚು ಉಂಡವರಿದ್ದಾರೆ.

ಊಟದ ವಿಷಯದಲ್ಲಿ ತಾಯಂದಿರಿಗೂ ಸೊಸೆಯಂದಿರಿಗೂ ವಿಶೇಷವಾಗಿ ಹೇಳಬೇಕಾಗಿದೆ. ನಮ್ಮದು ರೊಟ್ಟಿಯ ನಾಡು, ಖಾರದ ನಾಡು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಪ್ರಸಿದ್ಧಿ. ಆದರೆ ಹುಣ್ಣಾದ ಬಾಯಿಗೆ ಅದೂ ಕೆಂಡವೇ. ಖಾರ, ಹುಳಿ, ಒಣರೊಟ್ಟಿ, ಸುಡುವ ಚಹಾ ಇವು ಕೆಲವು ತಿಂಗಳು ಬೇಡ. ಆದರೆ ಖಾರ ಬಿಡಿಸಿದ ಮಾತ್ರಕ್ಕೆ ಬರಿಯ ಗಂಜಿಯ ತಿಳಿಯನ್ನು ಕುಡಿಸುತ್ತ ಕುಳಿತರೆ ರೋಗಿ ಸೊರಗುತ್ತಾನೆ. ಐವತ್ತು ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ ಶಕ್ತಿಯೂ, 60ರಿಂದ 75 ಗ್ರಾಂ ಸಸಾರಜನಕವೂ ಬೇಕು. ಒಂದು ಮೊಟ್ಟೆಯಲ್ಲಿ ಸಸಾರಜನಕ ಸುಮಾರು 6 ಗ್ರಾಂ ಮಾತ್ರ. ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ಗಂಜಿಗೆ ಬೇಯಿಸಿದ ಹೆಸರುಬೇಳೆಯನ್ನು ಅರೆದು ಸೇರಿಸಿ ತುಪ್ಪ ಹಾಕಿರಿ. ರಾಗಿ ಅಂಬಲಿಗೆ ಹಾಲು ಬೆರೆಸಿರಿ. ಹುರಿದ ಶೇಂಗಾವನ್ನು ನುಣ್ಣಗೆ ಅರೆದು ಬಾಳೆಹಣ್ಣು, ಹಾಲಿನೊಡನೆ ಕಲಸಿರಿ. ಮೆತ್ತಗೆ ಬೇಯಿಸಿದ ಮೊಟ್ಟೆಯನ್ನೂ ಮೀನನ್ನೂ ಅನ್ನದೊಡನೆ ಮಿಕ್ಸರಿನಲ್ಲಿ ತಿರುವಿ ಕೊಡಿರಿ. ಹೊಟ್ಟೆತುಂಬ ಮೂರು ಸಲ ಉಣ್ಣಿಸುವ ಬದಲು, ಸ್ವಲ್ಪ ಸ್ವಲ್ಪವಾಗಿ ಆರೇಳು ಸಲ ಕೊಡಿರಿ. ಸಕ್ಕರೆ ಕಾಯಿಲೆಯುಳ್ಳವರು ಮಾತ್ರ ವೈದ್ಯರ ಸಲಹೆಯಂತೆ ನಡೆಯಬೇಕು. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿರಿ. ಐವತ್ತು ಕಿಲೋದವರು ಎರಡೂವರೆ ಕಿಲೋ ಕಳೆದುಕೊಂಡರೆ ವೈದ್ಯರಿಗೆ ಹೇಳಲು ತಡಮಾಡಬಾರದು.

ಹೀಗೆಲ್ಲ ಮಾಡಿಯೂ ನುಂಗಲಾಗದಿದ್ದರೆ ವೈದ್ಯರು ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆಯನ್ನು ಇಳಿಸುತ್ತಾರೆ; ಆಸ್ಪತ್ರೆಯಲ್ಲಿ ಇದನ್ನು ರೈಲ್ಸ್ ಟ್ಯೂಬ್ ಎನ್ನುವರು. ಇದನ್ನು ಕಂಡು ನಮ್ಮ ಜನ “ಇನ್ನು ಮುಗಿಯಿತು” ಎಂದು ಕಣ್ಣೀರಿಡುತ್ತಾರೆ. ಮುಗಿದಿಲ್ಲ. ಹೊಳೆ ತುಂಬಿ ಹರಿವಾಗ ದೋಣಿ ಹಾಕುವುದಿಲ್ಲವೇ? ನೀರಿಳಿದ ಮೇಲೆ ದೋಣಿ ದಡಕ್ಕೆ ಬರುತ್ತದೆ. ನಳಿಗೆಯೂ ಹಾಗೆಯೇ. ಸೋಸಿದ ಆಹಾರವನ್ನು ಸುಮಾರು 200 ಮಿಲಿಲೀಟರಿನಷ್ಟು, ಎರಡು ಮೂರು ಗಂಟೆಗೊಮ್ಮೆ, ರೋಗಿಯನ್ನು ಕೂರಿಸಿಕೊಂಡು ನಿಧಾನವಾಗಿ ಹಾಕಬೇಕು. ಮೊದಲೂ ಕೊನೆಯಲ್ಲೂ ಸ್ವಲ್ಪ ನೀರು ಹಾಯಿಸಿ ನಳಿಗೆಯನ್ನು ಶುದ್ಧವಾಗಿಡಬೇಕು. ಆಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು. ನಳಿಗೆ ಕಳಚಿ ಬಂದರೆ ಮನೆಯಲ್ಲಿ ತಳ್ಳುವ ಸಾಹಸ ಬೇಡ. ಅದು ಶ್ವಾಸನಾಳಕ್ಕೆ ಹೋದೀತು. ನಳಿಗೆಯಿದ್ದರೂ ವೈದ್ಯರು ಅನುಮತಿಸಿದಷ್ಟು ಗುಟುಕು ನೀರನ್ನು ಬಾಯಿಯಿಂದಲೇ ನುಂಗುತ್ತಿರಬೇಕು. ಬಹುಕಾಲ ನುಂಗದ ಗಂಟಲು, ಬಹುಕಾಲ ನಡೆಯದ ಕಾಲಿನಂತೆ, ತನ್ನ ಕೆಲಸವನ್ನು ಮರೆತುಬಿಡುತ್ತದೆ. ನುಂಗುವಾಗ ಕೆಮ್ಮು ಬಂದರೆ, ಧ್ವನಿ ಗೊರಗೊರ ಎಂದರೆ, ಆಹಾರ ಶ್ವಾಸನಾಳಕ್ಕೆ ಜಾರುತ್ತಿದೆಯೆಂದು ತಿಳಿದು ವೈದ್ಯರಿಗೆ ಹೇಳಬೇಕು.

ಹುಣ್ಣು ಮಾಯುತ್ತದೆ, ಬಾಯಿ ಒಣಗುವುದು ಮಾತ್ರ ಬಹುಕಾಲ ಉಳಿಯುವ ಬಾಧೆ. ಆರೋಗ್ಯವಂತರ ಬಾಯಲ್ಲಿ ದಿನವೊಂದಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಒಸರುತ್ತದೆ. ಅದು ಇರುವಾಗ ಅದರ ಬೆಲೆ ನಮಗೆ ತಿಳಿಯದು. ಕಿರಣ ಬಿದ್ದ ಗ್ರಂಥಿಗಳು ಅದನ್ನು ಬಹಳ ಕಡಿಮೆ ಮಾಡುತ್ತವೆ. ಆಗ ಅನ್ನ ಮರಳಿನಂತಾಗುತ್ತದೆ, ರಾತ್ರಿ ನಾಲಗೆ ಅಂಗಳಕ್ಕೆ ಅಂಟುತ್ತದೆ, ಹಲ್ಲುಗಳು ಬೇಗ ಹುಳುಕಾಗುತ್ತವೆ. ನೀರಿನ ಸೀಸೆಯನ್ನು ಸದಾ ಕೈಯಲ್ಲಿಟ್ಟುಕೊಂಡು ಗುಟುಕರಿಸುವುದು, ಅನ್ನಕ್ಕೆ ಸಾರು ಮಜ್ಜಿಗೆಗಳನ್ನು ಧಾರಾಳವಾಗಿ ಕಲಸುವುದು, ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ಹೊತ್ತು ಹಲ್ಲುಜ್ಜುವುದು, ದಂತವೈದ್ಯರನ್ನು ಆಗಾಗ ಕಾಣುವುದು ಇವೇ ಉಪಾಯಗಳು. ಪೂಜೆಯ ನಡುವೆ ಒಬ್ಬರು ಸೀಸೆ ತೆಗೆದು ನೀರು ಕುಡಿದರೆ ಹಿಂದಿನ ಸಾಲಿನವರು ಹುಬ್ಬು ಗಂಟಿಕ್ಕಬಾರದು. ರುಚಿ ಕೆಲವು ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ಮರಳುತ್ತದೆ; ಕೆಲವರಿಗೆ ವರ್ಷವೂ ಹಿಡಿಯಬಹುದು. “ಅಡುಗೆ ಸಪ್ಪೆ” ಎಂದು ರೋಗಿ ತಟ್ಟೆ ದೂಡಿದರೆ ಅದು ಅಡುಗೆ ಮಾಡಿದವರ ಮೇಲಿನ ಸಿಟ್ಟಲ್ಲವೆಂದು ತಿಳಿಯಿರಿ.

ಬಾಯಿ ತೆರೆಯುವ ಶಕ್ತಿ ಕುಗ್ಗುವುದು ಇನ್ನೊಂದು ತೊಂದರೆ. ಅಡಿಕೆಯಿಂದಾಗಿ ಕೆನ್ನೆಯ ಒಳಗು ಮೊದಲೇ ಬಿಗಿದಿರುವವರಿಗೆ ಇದು ಹೆಚ್ಚು. ತಮ್ಮವೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲು ಬಂದರೆ ಬಾಯಿ ಸಾಕಷ್ಟು ತೆರೆಯುತ್ತಿದೆಯೆಂದು ಅರ್ಥ. ವೈದ್ಯರು ತೋರಿಸಿಕೊಟ್ಟ ದವಡೆಯ ವ್ಯಾಯಾಮವನ್ನು ದಿನಕ್ಕೆ ನಾಲ್ಕೈದು ಸಲ ಬಿಡದೆ ಮಾಡಬೇಕು. ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸುತ್ತ ಹೋಗುವ ಉಪಾಯವನ್ನು ಅನೇಕ ಆಸ್ಪತ್ರೆಗಳಲ್ಲಿ ಕಲಿಸುತ್ತಾರೆ. ಕುತ್ತಿಗೆಯ ಗಂಟುಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದವರಿಗೆ ಭುಜ ಜೋತು ಬಿದ್ದು ಕೈ ಮೇಲೆತ್ತಲು ನೋವಾಗುವುದುಂಟು, ಅದಕ್ಕೂ ವ್ಯಾಯಾಮವಿದೆ. ವ್ಯಾಯಾಮಕ್ಕೆ ಮರೆವು ಬೇಗ ಬರುವುದರಿಂದ, ಬೆಳಿಗ್ಗೆ ಮತ್ತು ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಅದನ್ನು ಹೊಂದಿಸಿಕೊಳ್ಳಿರಿ. ಕತ್ತಿನ ಚರ್ಮಕ್ಕೆ ಪೌಡರು, ಅರಿಶಿನ, ಎಣ್ಣೆ ಯಾವುದನ್ನೂ ವೈದ್ಯರನ್ನು ಕೇಳದೆ ಹಚ್ಚಬೇಡಿರಿ. ಉಗುರುಬೆಚ್ಚಗಿನ ನೀರು, ಸಡಿಲವಾದ ಹತ್ತಿಬಟ್ಟೆ, ಬಿಸಿಲಿಗೆ ಮರೆ ಇಷ್ಟು ಸಾಕು. ಜಪಸರವನ್ನೂ ಸರಪಳಿಯನ್ನೂ ಆ ದಿನಗಳಲ್ಲಿ ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿಯಿರಿ.

ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂದವರ ಕಷ್ಟ ಬೇರೆಯೇ ತೆರನದು. ಅವರು ಕತ್ತಿನ ಮುಂಭಾಗದಲ್ಲಿ ಮಾಡಿದ ರಂಧ್ರದಿಂದ ಉಸಿರಾಡುತ್ತಾರೆ. ಸ್ನಾನದಲ್ಲಿ ಅದರೊಳಗೆ ನೀರು ಹೋಗಬಾರದು. ಕೆರೆ, ಹೊಳೆಗಳಲ್ಲಿ ಇಳಿಯಲೇಬಾರದು. ಧೂಳು ಹೋಗದಂತೆ ತೆಳುವಾದ ಬಟ್ಟೆಯನ್ನು ಮರೆಯಾಗಿ ಕಟ್ಟಬೇಕು. ಮಾತು ಹೋಯಿತೆಂದು ಬದುಕು ಹೋಗಲಿಲ್ಲ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಚಿಕ್ಕ ಕವಾಟವನ್ನಿಟ್ಟು, ರಂಧ್ರವನ್ನು ಬೆರಳಿನಿಂದ ಮುಚ್ಚಿ ಮಾತನಾಡುವ ವಿಧಾನವನ್ನು ಅಮೆರಿಕದ ಸಿಂಗರ್ ಮತ್ತು ಬ್ಲಾಮ್ ಎಂಬಿಬ್ಬರು 1980ರಲ್ಲಿ ಪ್ರಚಾರಕ್ಕೆ ತಂದರು. ಹೊರದೇಶದಿಂದ ಬರುವ ಆ ಕವಾಟದ ಬೆಲೆ ಹತ್ತಾರು ಸಾವಿರ ರೂಪಾಯಿ. ಅದನ್ನು ಮತ್ತೆ ಮತ್ತೆ ಬದಲಿಸಬೇಕು. ಬಡವನಿಗೆ ಅದು ಎಟುಕದ ಮಾತು. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ತಮ್ಮ ಮಿತ್ರ, ಉದ್ಯಮಿ ಶಶಾಂಕ್ ಮಹೇಶ್ ಅವರೊಡನೆ ಸೇರಿ 2015ರ ಸುಮಾರಿಗೆ ಅಂಥದ್ದೇ ಕವಾಟವನ್ನು ಸುಮಾರು 50 ರೂಪಾಯಿಗೆ ದೊರೆಯುವಂತೆ ರೂಪಿಸಿದರು. ನಮ್ಮ ನಾಡಿನವರೇ ಮೂಕರಾದವರಿಗೆ ಮಾತು ಕೊಡಲು ಶ್ರಮಿಸಿದ್ದಾರೆಂಬುದು ನಮಗೆಲ್ಲ ಅಭಿಮಾನದ ಸಂಗತಿ. ಧ್ವನಿ ಕಳೆದುಕೊಂಡವರು ತಮ್ಮ ವೈದ್ಯರೊಡನೆ ಈ ವಿಚಾರ ಪ್ರಸ್ತಾಪಿಸಲಿ.

ಕಿಮೊಥೆರಪಿಯನ್ನೂ ಜೊತೆಗೆ ಪಡೆಯುವವರು, ವೈದ್ಯರು ಹೇಳಿದಷ್ಟು ನೀರು ಕುಡಿದು ಮೂತ್ರಪಿಂಡವನ್ನು ಕಾಪಾಡಿಕೊಳ್ಳಬೇಕು. ಕಿವಿಯಲ್ಲಿ ಗುಂಯ್‌ಗುಡುವುದು, ಕಿವಿ ಮಂದವಾಗುವುದು ಕಂಡರೆ ಮರೆಮಾಡದೆ ಹೇಳಬೇಕು. ಜ್ವರ 100.4 ಡಿಗ್ರಿ ಮುಟ್ಟಿದರೆ, ಬಾಯಿಯಿಂದಾಗಲಿ ಕತ್ತಿನಿಂದಾಗಲಿ ರಕ್ತ ಬಂದರೆ, ಉಸಿರು ಕಟ್ಟಿದಂತಾದರೆ, ಒಂದು ದಿನವೆಲ್ಲ ನೀರೂ ಇಳಿಯದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಚಿಕಿತ್ಸೆ ಮುಗಿದ ಮೇಲೆ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಕತ್ತಿಗೆ ಕಿರಣ ಪಡೆದವರಿಗೆ ಥೈರಾಯ್ಡ್ ಗ್ರಂಥಿ ಮಂದವಾಗಿ, ಕಾರಣವಿಲ್ಲದ ಸುಸ್ತು, ಚಳಿ, ಮಂಕು ಆವರಿಸುವುದುಂಟು; ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ರಕ್ತಪರೀಕ್ಷೆ ಮಾಡಿಸಿದರೆ ಅದು ಪತ್ತೆಯಾಗುತ್ತದೆ, ದಿನಕ್ಕೊಂದು ಮಾತ್ರೆಯಿಂದ ಸರಿಹೋಗುತ್ತದೆ.

ದೇಹದ ಮಾತು ಇಷ್ಟಾಯಿತು. ಮನಸ್ಸಿನ ಮಾತೊಂದು ಉಳಿದಿದೆ. ಬೇರೆ ರೋಗಗಳನ್ನು ಬಟ್ಟೆಯ ಮರೆಯಲ್ಲಿ ಇಡಬಹುದು. ಈ ರೋಗ ಮುಖದ ಮೇಲೆಯೇ ಗುರುತು ಬಿಡುತ್ತದೆ. ದವಡೆ ತೆಗೆದ ಕೆನ್ನೆ ಕುಳಿ ಬೀಳುತ್ತದೆ, ಉಣ್ಣುವಾಗ ಬಾಯಿಯಿಂದ ಸೋರುತ್ತದೆ, ಮಾತು ತೊದಲುತ್ತದೆ. ಮೊಮ್ಮಕ್ಕಳು ಹೆದರಿಯಾರೆಂದು ಅಜ್ಜ ತಾನೇ ಬೇರೆ ಕೋಣೆ ಸೇರುತ್ತಾನೆ. ಇದು ಅಂಟುರೋಗವಲ್ಲ. ತಟ್ಟೆ ಲೋಟ ಬೇರೆ ಮಾಡುವ ಅಗತ್ಯವಿಲ್ಲ. ಹಾಗೆ ಮಾಡಿದ ಮನೆಯಲ್ಲಿ ರೋಗಿ ಸೊರಗುವುದು ಹಸಿವಿನಿಂದ ಮಾತ್ರವಲ್ಲ. ಅವರು ಅರ್ಧ ಗಂಟೆಯಲ್ಲಿ ಒಂದು ಬಟ್ಟಲು ಗಂಜಿ ಮುಗಿಸಿದರೂ ನೀವು ಜೊತೆಗೆ ಕುಳಿತಿರಿ. ಅವರ ಮಾತು ಅರ್ಥವಾಗದಿದ್ದರೆ ಅರ್ಥವಾದಂತೆ ತಲೆಯಾಡಿಸಬೇಡಿರಿ. ಇನ್ನೊಮ್ಮೆ ಕೇಳಿರಿ, ಅಥವಾ ಪಾಟಿ ಬಳಪ ಕೊಡಿರಿ. “ನಾನು ಮನೆಗೆ ಭಾರ, ಬದುಕಿ ಫಲವೇನು” ಎಂಬ ಮಾತು ಅವರ ಬಾಯಿಂದ ಬಂದರೆ ಅದನ್ನು ಹಾಸ್ಯಕ್ಕಾಗಲಿ ಬೈಗುಳಕ್ಕಾಗಲಿ ತಿರುಗಿಸದೆ, ಒಬ್ಬರನ್ನೇ ಬಿಡದೆ, ವೈದ್ಯರಿಗೂ ನಮಗೂ ತಿಳಿಸಿರಿ.

ನಮ್ಮ ಧರ್ಮಕೇಂದ್ರಕ್ಕೆ ಸಂಬಂಧಿಸಿದ ಕೆಲವು ಸಂಗತಿಗಳನ್ನೂ ಇಲ್ಲಿ ತಿಳಿಸುವುದು ಉಚಿತ. ಅಪ್ಪವನ್ನು ನುಂಗಲಾಗದೆಂಬ ನಾಚಿಕೆಯಿಂದ ಪರಮಪ್ರಸಾದದಿಂದ ದೂರ ಉಳಿದ ರೋಗಿಗಳುಂಟು. ಅವರು ದೂರ ಉಳಿಯಬೇಕಾಗಿಲ್ಲ. ಅತಿ ಚಿಕ್ಕ ತುಣುಕನ್ನು ನೀರಿನೊಡನೆ ಸ್ವೀಕರಿಸಬಹುದು. ಅದೂ ಆಗದಿದ್ದರೆ, 1983ರ ಧರ್ಮಸಭೆಯ ನಿಯಮಸಂಹಿತೆಯ 925ನೆಯ ವಿಧಿಯು ಅಗತ್ಯವಿದ್ದಾಗ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೇ ಪರಮಪ್ರಸಾದವನ್ನು ಕೊಡಲು ಅವಕಾಶ ಕೊಟ್ಟಿದೆ. ಚಮಚದಲ್ಲಿ ಒಂದು ಹನಿ ಸಾಕು. ಮುಂಚಿತವಾಗಿ ತಿಳಿಸಿದರೆ ನಾವು ಏರ್ಪಾಟು ಮಾಡಿಕೊಂಡು ಬರುತ್ತೇವೆ. ರೋಗಿಗೂ ಅವರ ಆರೈಕೆ ಮಾಡುವವರಿಗೂ ಪರಮಪ್ರಸಾದದ ಮುಂಚಿನ ಒಂದು ಗಂಟೆಯ ಉಪವಾಸದ ಕಟ್ಟಳೆಯಿಲ್ಲವೆಂದು 919ನೆಯ ವಿಧಿ ಹೇಳುತ್ತದೆ. ತಪಸ್ಸುಕಾಲದ ಉಪವಾಸವೂ ರೋಗಿಗಳಿಗಲ್ಲ. ವಿಭೂತಿ ಬುಧವಾರದಂದು ಹಾಲು ಬಿಟ್ಟು ತೂಕ ಕಳೆದುಕೊಳ್ಳುವುದು ಭಕ್ತಿಯಲ್ಲ. ಮಾತು ಬಾರದವರು ಪಾಪನಿವೇದನೆಯನ್ನು ಸನ್ನೆಯಿಂದಲೋ ಬರೆದು ತೋರಿಸಿಯೋ ಮಾಡಬಹುದು. ಆ ಚೀಟಿಯನ್ನು ಅವರೆದುರಿಗೇ ಸುಟ್ಟುಹಾಕಲಾಗುವುದು. ವ್ಯಾಧಿಸ್ಥರ ಅಭ್ಯಂಗವು ಸಾಯುವವರಿಗೆ ಮಾತ್ರವೆಂಬ ಭಯವೂ ಬೇಡ; ಚಿಕಿತ್ಸೆಗೆ ಹೊರಡುವ ಮೊದಲೇ ಅದನ್ನು ಪಡೆದು ಹೊರಡುವುದು ಮೇಲು.

ಗಂಟಲಿನ ಬಾಧೆಗಳಿಂದ ಕಾಯುವವರೆಂದು ನಾವು ಬೇಡಿಕೊಳ್ಳುವ ಸಂತ ಬ್ಲೇಸರ ಹಬ್ಬ ಫೆಬ್ರವರಿ 3ರಂದು ಬರುತ್ತದೆ. ಅದರ ಮರುದಿನವೇ ವಿಶ್ವ ಕ್ಯಾನ್ಸರ್ ದಿನ. ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನ ಫೆಬ್ರವರಿ 11ರಂದು. ಪ್ರತಿವರ್ಷವೂ ಆ ವಾರದಲ್ಲಿ ಮೇಣದ ಬತ್ತಿಗಳನ್ನು ಕೊರಳಿಗೆ ಹಿಡಿದು ಆಶೀರ್ವದಿಸುವುದರೊಡನೆ, ದಂತವೈದ್ಯರನ್ನು ಕರೆಸಿ ಎಲ್ಲರ ಬಾಯಿಯನ್ನೂ ಪರೀಕ್ಷಿಸುವ ಏರ್ಪಾಟನ್ನು ಮಾಡೋಣ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಕತ್ತಿನ ಗಂಟು, ಬದಲಾದ ಧ್ವನಿ ಇವುಗಳನ್ನು ಬೇಗ ಕಂಡುಕೊಂಡರೆ ಚಿಕಿತ್ಸೆಯೂ ಹಗುರ, ಬಾಧೆಯೂ ಹಗುರ.

ಕೊನೆಯದಾಗಿ ಒಂದು ಬೇಡಿಕೆ. ನೂರು ವರ್ಷಗಳಲ್ಲಿ ನಮ್ಮ ಹಿರಿಯರು ಒಬ್ಬರ ಮನೆಯ ಕಷ್ಟಕ್ಕೆ ಹತ್ತು ಮನೆಯವರು ಹೆಗಲು ಕೊಟ್ಟು ಈ ಸಮುದಾಯವನ್ನು ಉಳಿಸಿದ್ದಾರೆ. ನಮ್ಮಲ್ಲಿ ಯಾರಾದರೂ ಈ ಚಿಕಿತ್ಸೆಗೆ ಹೊರಟರೆ ಏಳು ವಾರಗಳನ್ನು ಏಳು ಕುಟುಂಬಗಳು ಹಂಚಿಕೊಳ್ಳಲಿ. ಒಂದು ವಾರ ಒಬ್ಬರು ಜೊತೆಗೆ ಹೋಗಿ ಆಸ್ಪತ್ರೆಯ ಊರಿನಲ್ಲಿ ತಂಗಲಿ. ಇನ್ನೊಬ್ಬರು ಅವರ ಎಮ್ಮೆಯ ಹಾಲು ಕರೆಯಲಿ. ಮತ್ತೊಬ್ಬರು ಅವರ ಗದ್ದೆಗೆ ನೀರು ಕಟ್ಟಲಿ. ಮಿಕ್ಸರಿಲ್ಲದ ಮನೆಗೆ ಯಾರಾದರೂ ಅದನ್ನು ಎರವಲು ಕೊಡಲಿ. ನಾಲ್ಕನೆಯ ವಾರದಲ್ಲಿ ರೋಗಿ “ಸಾಕು, ಊರಿಗೆ ಹೋಗೋಣ” ಎಂದಾಗ, “ಇನ್ನು ಹದಿನೈದು ದಿನವಷ್ಟೇ ಅಣ್ಣಾ, ಎಮ್ಮೆ ಚೆನ್ನಾಗಿದೆ, ಗದ್ದೆ ಚೆನ್ನಾಗಿದೆ” ಎಂದು ಹೇಳುವವರೊಬ್ಬರು ಪಕ್ಕದಲ್ಲಿರಬೇಕು. ಆ ಒಂದು ಮಾತು ಒಂದು ಜೀವವನ್ನು ಉಳಿಸೀತು.

ನುಂಗಲಾರದವರಿಗೆ ದೇವರು ನೆಮ್ಮದಿಯನ್ನೂ, ಅವರ ಬಳಿ ಕುಳಿತವರಿಗೆ ತಾಳ್ಮೆಯನ್ನೂ ದಯಪಾಲಿಸಲೆಂದು ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.